ನನಗೆ 5 ಅಡಿ, ಅವರಿಗೆ 6 ಅಡಿ 1 ಇಂಚು. ಇಬ್ಬರಿಗೂ ಒಂದೇ ಮಡಚುವ ಸೈಕಲ್ ಸಾಕಾಗುತ್ತಾ?

ವಿಜಯಾ_ಗಿರಿನಗರ

ಎಲ್ಲರಿಗೂ ನಮಸ್ಕಾರ. ಫೋಲ್ಡಿಂಗ್ ಸೈಕಲ್ ಒಂದು ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಗಿದೆ. ಅಂತರ್ಜಾಲದಲ್ಲಿ ಓದಿದಷ್ಟೂ ತಲೆ ಕೆಡುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮನೆ ಗಿರಿನಗರ, ಕೆಲಸ ಎಲೆಕ್ಟ್ರಾನಿಕ್ ಸಿಟಿ. ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ ಆಫೀಸ್ ಕ್ಯಾಬ್ ಬಿಟ್ಟೆ. ಈಗ ಬನಶಂಕರಿ ಸ್ಟೇಷನ್‌ವರೆಗೆ ಆಟೊ, ಆರ್.ವಿ. ರೋಡ್‌ನಲ್ಲಿ ಲೈನ್ ಬದಲಾಯಿಸಿ ಮುಂದಕ್ಕೆ. ಇಳಿದ ಮೇಲೆ ಆಫೀಸಿಗೆ ಇನ್ನೂ 2 ಕಿ.ಮೀ ಇದೆ. ಆ ತುದಿಯಲ್ಲಿ ಬೆಳಿಗ್ಗೆ ಆಟೊದವರು ಕೇಳುವ ರೇಟ್ ನೋಡಿದರೆ ಸಿಟ್ಟು ಬರುತ್ತದೆ.

ನನ್ನ ಎತ್ತರ 5 ಅಡಿ, ತೂಕ 54 ಕೆಜಿ. ನಮ್ಮ ಯಜಮಾನರು 6 ಅಡಿ 1 ಇಂಚು, 98 ಕೆಜಿ. ವಾರದ ದಿನ ಸೈಕಲ್ ನನಗೆ, ಭಾನುವಾರ ಕಬ್ಬನ್ ಪಾರ್ಕಿಗೆ ಅವರಿಗೆ, ಇದು ಒಪ್ಪಂದ. ಬಜೆಟ್ 40 ಸಾವಿರ. ಎಷ್ಟು ಒತ್ತಾಯ ಮಾಡಿದರೂ ಅದಕ್ಕಿಂತ ಮೇಲೆ ಹೋಗಲ್ಲ.

ಅಂಗಡಿಯಲ್ಲಿ 16 ಇಂಚಿನ ಚಕ್ರದ್ದೂ ನೋಡಿದೆ, 20 ಇಂಚಿನದ್ದೂ ನೋಡಿದೆ. ಗಿಡ್ಡಗಿರುವವರಿಗೆ 16, ಎತ್ತರದವರಿಗೆ 20 ಅಂದರು ಅಲ್ಲಿನ ಹುಡುಗ. ಹಾಗಾದರೆ ನಾವು ಎರಡು ಸೈಕಲ್ ತಗೊಳ್ಳಬೇಕಾ? ನಾನು ಹೆಚ್ಚಾಗಿ ಚೂಡಿದಾರ್ ಹಾಕುತ್ತೇನೆ, ಅದನ್ನೂ ಗಮನಿಸಿ ಹೇಳಿ.

---

ನಾಗರಾಜ್_ಎಚ್

ಸುಮ್ನೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಿ ಮೇಡಂ. ಬೆಂಗಳೂರಿನ ರೋಡಲ್ಲಿ ಸೈಕಲ್ ಹೊಡೆದು ಆಫೀಸಿಗೆ ಹೋದರೆ ಬೆವರಿನಲ್ಲೇ ಸ್ನಾನ.

---

ಟೂಲ್‌ರೂಮ್_ಮೂರ್ತಿ

ನಾಗರಾಜ್ ಅವರೇ, ಸ್ಕೂಟರನ್ನು ಮಡಚಿ ಮೆಟ್ರೊ ಹತ್ತಿಸೋದು ಹೇಗೆ ಅಂತ ಹೇಳಿದರೆ ನಾನೂ ಒಂದು ತಗೊಳ್ಳುತ್ತೇನೆ.

ವಿಜಯಾ ಅವರೇ, ಅಂಗಡಿಯ ಹುಡುಗ ಹೇಳಿದ್ದನ್ನು ಬಿಟ್ಟುಬಿಡಿ. ಚಕ್ರದ ಅಳತೆಗೂ ಸವಾರನ ಎತ್ತರಕ್ಕೂ ಸಂಬಂಧವಿಲ್ಲ. ಮಕ್ಕಳ ಸೈಕಲ್‌ನಲ್ಲಿ ಹಾಗಿರುತ್ತದೆ, ಆ ಲೆಕ್ಕವನ್ನೇ ಇಲ್ಲಿಗೂ ತಂದಿದ್ದಾನೆ. ಬ್ರಾಂಪ್ಟನ್ ಅನ್ನುವ ಮಡಚುವ ಸೈಕಲ್ 16 ಇಂಚಿನ ಚಕ್ರದ್ದು, ಅದನ್ನು 6 ಅಡಿ ದಾಟಿದವರೂ ಓಡಿಸುತ್ತಾರೆ. ಅವರಿಗೆ ಅಂತಲೇ ಉದ್ದದ ಸೀಟ್ ಪೋಸ್ಟ್, ಅಂದರೆ ಸೀಟಿನ ಕೆಳಗಿನ ಪೈಪ್, ಕೊಡುತ್ತಾರೆ.

ನಾನು ಕಾರ್ಖಾನೆಯ ಟೂಲ್ ರೂಮ್‌ನಲ್ಲಿ ಇದ್ದು ನಿವೃತ್ತನಾದವನು. ಟೇಪ್ ಇಲ್ಲದೆ ಯಾವ ಮಾತನ್ನೂ ನಂಬುವ ಅಭ್ಯಾಸವಿಲ್ಲ. ರಾಜಾಜಿನಗರದ ನನ್ನ ಮನೆ ಜಗುಲಿಯಲ್ಲಿ ಪರಿಚಯದವರ ಮಡಚುವ ಸೈಕಲ್‌ಗಳು ಬಂದು ಹೋಗುತ್ತಿರುತ್ತವೆ. ಆ ಅನುಭವದಿಂದ ಹೇಳುತ್ತೇನೆ.

ನಿಮ್ಮ ವಿಷಯದಲ್ಲಿ ಮೊದಲು ಇತ್ಯರ್ಥವಾಗಬೇಕಾದ್ದು ಮೆಟ್ರೊ. 2021ರಲ್ಲಿ ನಮ್ಮ ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್ ಮಡಚುವ ಸೈಕಲ್‌ಗೆ ಒಪ್ಪಿಗೆ ಕೊಟ್ಟಿತು. ಬೇರೆ ಶುಲ್ಕ ಇಲ್ಲ. ಕವರ್ ಹಾಕಿರಬೇಕು, ಕೊನೆಯ ಬೋಗಿಗೆ ಹತ್ತಬೇಕು, ತೂಕ 15 ಕೆಜಿ ಮೀರಬಾರದು. ಇಷ್ಟು ಸರಿ. ಆದರೆ ಅಳತೆ 60×45×25 ಸೆಂ.ಮೀ ಒಳಗಿರಬೇಕು ಅಂತ ಹೇಳಿದ್ದಾರೆ. ಅಲ್ಲೇ ಇರೋದು ತೊಡಕು. ದೊಡ್ಡವರು ಓಡಿಸುವ ಸೈಕಲ್‌ಗಳಲ್ಲಿ ತುಂಬ ಚಿಕ್ಕದಾಗಿ ಮಡಚಿಕೊಳ್ಳುವುದಕ್ಕೆ ಹೆಸರಾದದ್ದು ಬ್ರಾಂಪ್ಟನ್. ಅದು ಮಡಚಿದಾಗ ಸುಮಾರು 64.5×58.5×27 ಸೆಂ.ಮೀ. ಮೂರು ಕಡೆಯೂ ಮೀರಿತು, ಅಲ್ವಾ? ಬೆಲೆಯಲ್ಲಿ ನಿಮ್ಮ ಬಜೆಟ್ಟನ್ನೂ ಮೀರುತ್ತದೆ, ಲಕ್ಷದ ಮೇಲೆ. ಇನ್ನು ಡಾಹನ್, ಟರ್ನ್ ತರಹದ ಕಂಪನಿಗಳ 20 ಇಂಚಿನವು ಮಡಚಿದರೂ ಉದ್ದ 80 ಸೆಂ.ಮೀ ಆಸುಪಾಸು, ಎತ್ತರ 65ರಿಂದ 75, ದಪ್ಪ 30ರಿಂದ 40. ಟೇಪ್ ಹಿಡಿದು ನಿಂತರೆ ಒಂದೂ ಪಾಸಾಗಲ್ಲ.

ಹಾಗಂತ ಆಸೆ ಬಿಡಬೇಡಿ. ಆದರೆ ದುಡ್ಡು ಕೊಡುವ ಮೊದಲು ನೀವು ಹತ್ತುವ ಸ್ಟೇಷನ್ನಿಗೂ ಇಳಿಯುವ ಸ್ಟೇಷನ್ನಿಗೂ ಹೋಗಿ, ಮಾಡೆಲ್ ಹೆಸರು ಮತ್ತು ಮಡಚಿದ ಅಳತೆ ತೋರಿಸಿ ಕೇಳಿ. ಸಾಧ್ಯವಾದರೆ ಸ್ನೇಹಿತರದ್ದು ಒಂದು ತಗೊಂಡು ಹೋಗಿ ಬ್ಯಾಗ್ ಸ್ಕ್ಯಾನರ್‌ನಲ್ಲಿ ತೂರುತ್ತಾ ನೋಡಿ. ಸ್ಕ್ಯಾನರ್ ಬಾಯಲ್ಲಿ ಹಿಡಿಸದಿದ್ದರೆ ಗೇಟಿನಲ್ಲಿ ನಿಂತು ದಿನಾ ವಾದ ಮಾಡಬೇಕಾಗುತ್ತದೆ. ಆಫೀಸಿಗೆ ಹೊತ್ತಾಗಿರುವಾಗ ವಾದ ಮಾಡುವ ತಾಳ್ಮೆ ಯಾರಿಗಿರುತ್ತದೆ?

ಇನ್ನೊಂದು ಮಾತು. ಬನಶಂಕರಿ ಯಾಕೆ? ಹೇಗೂ ಸೈಕಲ್ ಇರುತ್ತದಲ್ಲ, ಸೀದಾ ಆರ್.ವಿ. ರೋಡಿಗೇ ತುಳಿಯಿರಿ. ಒಂದೆರಡು ಕಿಲೋಮೀಟರ್ ಜಾಸ್ತಿಯಾಗಬಹುದು. ಆದರೆ ಲೈನ್ ಬದಲಾಯಿಸುವಾಗ ಸೈಕಲ್ ಹೊತ್ತು ಪ್ಲಾಟ್‌ಫಾರ್ಮ್ ಸುತ್ತುವ ಕೆಲಸ ಪೂರ್ತಿ ತಪ್ಪುತ್ತದೆ. ಮಡಚುವ ಸೈಕಲ್‌ನಲ್ಲಿ ತುಳಿಯೋದು ಸುಲಭ, ಹೊರೋದೇ ಕಷ್ಟ.

ಅದಕ್ಕೇ ನನ್ನ ಸಲಹೆ, ಇದು ಓಡಿಸುವವರಿಗಿಂತ ಮೊದಲು ಹೊರುವವರಿಗೆ ಹೊಂದಬೇಕು. ನಿಮ್ಮ ಮನೆಯಲ್ಲಿ ಹೊರುವವರು ನೀವು. ಯಜಮಾನರು ಭಾನುವಾರ ಮನೆಯಿಂದಲೇ ತುಳಿದುಕೊಂಡು ಹೋಗುತ್ತಾರೆ. ಹಾಗಾಗಿ ತೂಕದಲ್ಲಿ ನಿಮ್ಮ ಮಾತು ನಡೆಯಲಿ, ಗಟ್ಟಿತನದಲ್ಲಿ ಅವರದ್ದು.

ತೂಕ ಪರೀಕ್ಷೆಗೆ ಅಂಗಡಿಗೆ ಹೋಗಬೇಕಾಗಿಲ್ಲ. 10 ಕೆಜಿ ಅಕ್ಕಿ ಚೀಲದ ಜೊತೆ 3 ಲೀಟರ್ ನೀರಿನ ಬಾಟಲಿ ಸೇರಿಸಿ ಒಂದು ಗಟ್ಟಿ ಕೈಚೀಲಕ್ಕೆ ಹಾಕಿ. ಆಫೀಸ್ ಬ್ಯಾಗ್ ಬೆನ್ನಿಗೆ. ಒಂದೇ ಕೈಯಲ್ಲಿ ಅದನ್ನು ಹಿಡಿದು ಎರಡು ಮಹಡಿ ಮೆಟ್ಟಿಲು ಹತ್ತಿ. 13 ಕೆಜಿಯ ಸೈಕಲ್ ಅಂದರೆ ಅದು. ಮೇಲೆ ಹೋಗಿ ಬೈಗುಳ ಬಂದರೆ ಇನ್ನೂ ಹಗುರದ್ದು ಹುಡುಕಿ, ಇಲ್ಲವೇ ಲಿಫ್ಟ್ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. 15 ಕೆಜಿಯ ಸೈಕಲ್ ಅಗ್ಗಕ್ಕೆ ಸಿಗುತ್ತದೆ. ಅಗ್ಗಕ್ಕೆ ಸಿಕ್ಕ ಆ 2 ಕೆಜಿಯನ್ನು ನೀವು ದಿನಾ ಎತ್ತಬೇಕು.

---

ವಿಜಯಾ_ಗಿರಿನಗರ

ಮೂರ್ತಿ ಸರ್, ತುಂಬ ಉಪಕಾರವಾಯಿತು. ಅಕ್ಕಿ ಚೀಲದ ಪರೀಕ್ಷೆ ಮಾಡಿದೆ. ಒಂದು ಮಹಡಿ ಪರವಾಗಿಲ್ಲ, ಎರಡನೆಯದಕ್ಕೆ ಕೈ ಬದಲಾಯಿಸಬೇಕಾಯಿತು. ಅತ್ತೆ ಕೆಳಗಿನಿಂದ "ಅಕ್ಕಿ ಎಲ್ಲಿಗೆ ತಗೊಂಡು ಹೋಗ್ತಿದ್ದೀಯಾ" ಅಂತ ಕೇಳಿದರು.

ಆರ್.ವಿ. ರೋಡಿಗೇ ಸೀದಾ ಹೋಗುವ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಅಳತೆ ವಿಷಯ ಹೇಳಿ. ಇಬ್ಬರಿಗೂ ಒಂದೇ ಫ್ರೇಮ್ ಹೊಂದುತ್ತಾ?

---

ಸಿಂಗಪುರ_ಶ್ರೀನಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಹಾಸನದವನು, ಈಗ ಸಿಂಗಪುರದಲ್ಲಿದ್ದೇನೆ. ಇಲ್ಲಿ ರೈಲಿನಲ್ಲೂ ಬಸ್ಸಿನಲ್ಲೂ ಮಡಚಿದ ಸೈಕಲ್ ಬಿಡುತ್ತಾರೆ, ಮಿತಿ 120×70×40 ಸೆಂ.ಮೀ. ಹಾಗಾಗಿ ಇಲ್ಲಿನ ಜನ 20 ಇಂಚಿನದನ್ನು ಆರಾಮಾಗಿ ತಗೊಂಡು ಹೋಗುತ್ತಾರೆ. ಸ್ಟೇಷನ್ ಒಳಗೆ ಮಾತ್ರ ಬಿಚ್ಚುವಂತಿಲ್ಲ.

ಇದನ್ನು ಹೇಳಿದ್ದು ಯಾಕೆಂದರೆ, ವಿಜಯಾ ಅವರು ನೋಡುತ್ತಿರುವ ವಿಡಿಯೊ ರಿವ್ಯೂಗಳು ಬಹುಪಾಲು ಇಂಥ ಊರುಗಳದ್ದೇ ಇರುತ್ತವೆ. "ಮೆಟ್ರೊದಲ್ಲಿ ಸಲೀಸು" ಅಂತ ಅವರು ಹೇಳಿದರೆ ಅದು ಅವರ ಮೆಟ್ರೊ. ರಸ್ತೆಯೂ ಅವರದ್ದೇ. ನನ್ನದು ಇಲ್ಲಿ ಬೆಣ್ಣೆಯಂತೆ ಓಡುತ್ತದೆ. ಹಾಸನಕ್ಕೆ ತಂದಾಗ ನಮ್ಮ ಬೀದಿಯ ಹಂಪ್ ಹಾರಿಸುವಷ್ಟರಲ್ಲಿ ಸೊಂಟ ಹಿಡಿಯಿತು.

---

ಟೂಲ್‌ರೂಮ್_ಮೂರ್ತಿ

ಶ್ರೀನಿ ಹೇಳಿದ್ದು ಸರಿ. ಚಕ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ.

ವಿಜಯಾ ಅವರೇ, ಅಳತೆ ಹೀಗೆ ತಗೊಳ್ಳಿ. ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಒಂದು ದಪ್ಪ ಪುಸ್ತಕವನ್ನು ಎರಡೂ ಕಾಲಿನ ನಡುವೆ, ಸೀಟಿನ ಮೇಲೆ ಕೂತಾಗ ತಾಗುವಷ್ಟು ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟಿದೆ ನೋಡಿ. ಅದನ್ನು 0.883ರಿಂದ ಗುಣಿಸಿ. ಪೆಡಲ್ ತಿರುಗುವ ನಡುಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು ಅಷ್ಟು ದೂರ ಇರಬೇಕು. ನಿಮ್ಮದು 69 ಸೆಂ.ಮೀ ಬಂತು ಅಂತಿಟ್ಟುಕೊಳ್ಳಿ, ಸೀಟಿಗೆ 61. ಯಜಮಾನರದ್ದು 86 ಇದ್ದರೆ 76. ಇಬ್ಬರ ನಡುವೆ 15 ಸೆಂ.ಮೀ ವ್ಯತ್ಯಾಸ. ಅಂಗಡಿಯಲ್ಲಿ ಸೀಟ್ ಪೂರ್ತಿ ಇಳಿಸಿ ಒಂದು ಸಲ, "ಮಿನಿಮಮ್ ಇನ್ಸರ್ಟ್" ಗೆರೆ (ಪೈಪ್ ಇಷ್ಟಾದರೂ ಒಳಗಿರಬೇಕು ಅನ್ನುವ ಗುರುತು) ಇನ್ನೇನು ಕಾಣಿಸಬೇಕು ಅನ್ನುವ ತನಕ ಎತ್ತಿ ಇನ್ನೊಂದು ಸಲ, ಟೇಪ್ ಹಿಡಿಯಿರಿ. ಎರಡೂ ಅಂಕಿ ಅದರೊಳಗೆ ಬಂದರೆ ಸೀಟಿನ ಮಟ್ಟಿಗೆ ಸೈಕಲ್ ನಿಮ್ಮಿಬ್ಬರದೂ ಆಯಿತು. ಆ ಗೆರೆ ಹೊರಗೆ ಕಾಣುವಷ್ಟು ಎತ್ತಿ ಓಡಿಸಕೂಡದು. 98 ಕೆಜಿ ಕೂತರೆ ಪೈಪ್ ಬಾಗುತ್ತದೆ, ಇಲ್ಲ ಫ್ರೇಮ್ ಬಾಯಿ ಬಿಡುತ್ತದೆ.

20 ಇಂಚಿನ ಡಾಹನ್, ಟರ್ನ್‌ಗಳಿಗೆ ಕಂಪನಿಯವರೇ ಸುಮಾರು 142 ಸೆಂ.ಮೀನಿಂದ 190 ಸೆಂ.ಮೀವರೆಗಿನ ಸವಾರರಿಗೆ ಅಂತ ಹೇಳುತ್ತಾರೆ. ನೀವು 152, ಅವರು 185. ಇಬ್ಬರೂ ಒಳಗೇ ಇದ್ದೀರಿ.

ಇದರಲ್ಲಿ ಒಂದು ಚಂದದ ಲೆಕ್ಕ ಇದೆ. ಸೀಟ್ ಪೋಸ್ಟ್ ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ 15 ಸೆಂ.ಮೀ ಎತ್ತಿದಾಗ ಸೀಟ್ ಸುಮಾರು 5 ಸೆಂ.ಮೀ ಹಿಂದಕ್ಕೂ ಸರಿಯುತ್ತದೆ. ಎತ್ತರದವರು ಕೂತಾಗ ಹ್ಯಾಂಡಲ್ ತಾನಾಗಿಯೇ ದೂರ, ಗಿಡ್ಡಗಿರುವವರು ಕೂತಾಗ ತಾನಾಗಿಯೇ ಹತ್ತಿರ. ಮಾಮೂಲಿ ಸೈಕಲ್‌ನಲ್ಲೂ ಪೋಸ್ಟ್ ವಾಲಿಯೇ ಇರುತ್ತದೆ, ಆದರೆ ಅಲ್ಲಿ ಇಷ್ಟುದ್ದ ಏರಿಸಿ ಇಳಿಸಲು ಆಗಲ್ಲ. ಮನೆಮಂದಿಯೆಲ್ಲ ಒಂದೇ ಸೈಕಲ್ ಓಡಿಸುವುದಕ್ಕೆ ಮಡಚುವ ಸೈಕಲ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ ಅಂತ ನಾನು ಹೇಳೋದು ಇದಕ್ಕೇ.

ನಿಮಗೆ ತೊಂದರೆ ಆಗೋದಿದ್ದರೆ ಹ್ಯಾಂಡಲ್ ಎತ್ತರದಲ್ಲಿ. ಕೆಲವದರಲ್ಲಿ ಹ್ಯಾಂಡಲ್ ಪೋಸ್ಟ್ ಒಂದೇ ಎತ್ತರಕ್ಕೆ ಬೆಸೆದಿರುತ್ತದೆ. ಯಜಮಾನರಿಗೆ ಸರಿ ಇರುವ ಆ ಎತ್ತರ ನಿಮ್ಮ ಎದೆಯ ಮಟ್ಟಕ್ಕೆ ಬರುತ್ತದೆ, ಭುಜ ಎತ್ತಿಕೊಂಡೇ ತುಳಿಯಬೇಕು. ಒಂದು ವಾರದಲ್ಲಿ ಕುತ್ತಿಗೆ ನೋವು. ಒಂದರೊಳಗೊಂದು ಸರಿಯುವ ಹ್ಯಾಂಡಲ್ ಪೋಸ್ಟ್ ಇರುವುದನ್ನೇ ಕೇಳಿ. ಅದರಲ್ಲಿ ಲಿವರ್ ಒಂದು ಜಾಸ್ತಿ, ಅಲುಗಾಟವೂ ಚೂರು ಜಾಸ್ತಿ. ಆದರೂ ನಿಮ್ಮಿಬ್ಬರ ಎತ್ತರಕ್ಕೆ ಅದು ಬೇಕೇ ಬೇಕು.

ಸೀಟ್ ಪೋಸ್ಟಿನ ಮೇಲೆ ನಿಮ್ಮ ಎತ್ತರಕ್ಕೊಂದು, ಅವರ ಎತ್ತರಕ್ಕೊಂದು ನೇಲ್ ಪಾಲಿಶ್ ಗುರುತು ಹಾಕಿ. ಮೊಳೆಯಿಂದ ಗೀಚಬೇಡಿ, ಅಲ್ಯೂಮಿನಿಯಂ ಗೀಚಿದ ಕಡೆಯಿಂದಲೇ ಸೀಳಲು ಶುರುವಾಗುತ್ತದೆ. ಆ ಪೋಸ್ಟಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಹಚ್ಚಿದರೆ ತುಳಿಯುತ್ತಾ ತುಳಿಯುತ್ತಾ ಸೀಟ್ ಇಳಿಯುತ್ತದೆ.

ಯಜಮಾನರ ತೂಕ. ಈ ವರ್ಗದ ಸೈಕಲ್‌ಗಳಿಗೆ ಸಾಮಾನ್ಯವಾಗಿ 105 ಕೆಜಿ ಆಸುಪಾಸಿನ ಮಿತಿ ಇರುತ್ತದೆ, ಬ್ರಾಂಪ್ಟನ್‌ಗೆ 110, ಅದೂ ಸಾಮಾನು ಸೇರಿ. 98ಕ್ಕೆ ಒಂದು ಬ್ಯಾಗ್ ಸೇರಿದರೆ ಅಂಚಿಗೆ ಬಂದಿರಿ. ಹಾಗಾಗಿ ಮಿತಿ ಎಷ್ಟು ಅಂತ ಬರೆಯದೇ ಇರುವ ಸೈಕಲ್ ಬೇಡ. ಅವರು ಏರಿನಲ್ಲಿ ಎದ್ದು ನಿಂತು ಹ್ಯಾಂಡಲ್ ಎಳೆದು ತುಳಿಯುವುದೂ ಬೇಡ. ಅಷ್ಟುದ್ದದ ಪೋಸ್ಟ್ ನಿಂತಿರುವುದು ಬುಡದ ಒಂದೇ ಕೀಲಿನ ಮೇಲೆ.

---

ಪಂಕ್ಚರ್_ಪ್ರಿಯ

ಮೂರ್ತಿಗಳು ಚಕ್ರಕ್ಕೆ ಬರುವಷ್ಟರಲ್ಲಿ ನಾನೇ ಹೇಳಿಬಿಡುತ್ತೇನೆ, ನನ್ನ ಹೊಟ್ಟೆಪಾಡು ಅದೇ. 20 ಇಂಚು ಅಂದರೆ ಎಲ್ಲ ಒಂದೇ ಅಲ್ಲ. ಟೈರ್ ಪಕ್ಕದಲ್ಲಿ 406 ಅಂತ (ಟೈರ್ ಕೂರುವ ರಿಮ್ಮಿನ ಅಳತೆ, ಮಿ.ಮೀ ಲೆಕ್ಕದಲ್ಲಿ) ಇದ್ದರೆ ಬದುಕಿದಿರಿ. ಮಕ್ಕಳ ಸೈಕಲ್‌ನ 20×1.75 ಟೈರು, ಟ್ಯೂಬು ಅದಕ್ಕೆ ಬರುತ್ತದೆ, ಯಾವ ಬಡಾವಣೆಯಲ್ಲೂ ಸಿಗುತ್ತದೆ. 451 ಅಂತಿದ್ದರೆ ಅದು ತೆಳ್ಳನೆಯ ಸ್ಪೀಡ್ ಚಕ್ರ, ಸ್ಪೇರ್ ನೀವೇ ತರಿಸಿಟ್ಟುಕೊಳ್ಳಬೇಕು. 16 ಇಂಚಿನಲ್ಲೂ ಹಾಗೇ, 305 ಮತ್ತು 349 ಬೇರೆ ಬೇರೆ. ಬ್ರಾಂಪ್ಟನ್‌ದು 349, ಗಲ್ಲಿ ಅಂಗಡಿಯಲ್ಲಿ ಕೇಳಬೇಡಿ.

ವಾಲ್ವ್ ನೋಡಿ. ಸ್ಕೂಟರ್ ಟೈಪಿನದಾದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು. ಆದರೆ ಚಿಕ್ಕ ಟ್ಯೂಬು, ಕ್ಷಣದಲ್ಲಿ ತುಂಬುತ್ತದೆ. ಬಂಕಿನ ಹುಡುಗ ಆಕಡೆ ಈಕಡೆ ನೋಡಿದರೆ ಢಮಾರ್. ಪಂಪ್ ಮನೆಯಲ್ಲಿಟ್ಟುಕೊಳ್ಳಿ, ಟೈರಿನ ಮೇಲೆ ಬರೆದಿರುವಷ್ಟೇ ಹಾಕಿ.

ನಮ್ಮ ರಸ್ತೆಗೆ 1.75ಕ್ಕಿಂತ ತೆಳ್ಳಗಿನ ಟೈರ್ ಬೇಡವೇ ಬೇಡ. ಜಾಗ ಇದ್ದರೆ 2.0 ಹಾಕಿಸಿ, ಮಡ್‌ಗಾರ್ಡಿಗೆ ತಾಗುತ್ತಾ ಅಂತ ಮೊದಲು ನೋಡಿ. ಚಿಕ್ಕ ಚಕ್ರ ಗುಂಡಿಗೆ ಜಾಸ್ತಿ ಇಳಿಯುತ್ತದೆ, 16 ಇಂಚಿನದಂತೂ ಇನ್ನೂ ಜಾಸ್ತಿ.

---

ಜಯನಗರ_ಜ್ಯೋತಿ

ವಿಜಯಾ, ಹೆಂಗಸರ ಕಡೆಯಿಂದ ಒಂದೆರಡು ಮಾತು. ಚೈನ್ ಪೂರ್ತಿ ಮುಚ್ಚುವ ಕವರ್ ಈ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಮುಂದಿನ ಹಲ್ಲುಚಕ್ರದ ಪಕ್ಕ ಒಂದು ಬಳೆ ಥರದ ಗಾರ್ಡ್ ಇರುತ್ತದೆ, ಅದಾದರೂ ಇರಲಿ. ಚೂಡಿದಾರ್ ಕಾಲಿಗೆ ಬಿಗಿಯಾಗಿದ್ದರೆ ತೊಂದರೆ ಇಲ್ಲ, ಪಲಾಜೊ ಹಾಕಿದ ದಿನ ಕಾಲಿಗೆ ಒಂದು ಪಟ್ಟಿ ಕಟ್ಟಿ. ದುಪ್ಪಟ್ಟಾ ಬ್ಯಾಗಿನೊಳಗೆ. ಫ್ರೇಮ್ ತಗ್ಗಾಗಿರುವುದರಿಂದ ಹತ್ತಿ ಇಳಿಯುವುದು ಲೇಡೀಸ್ ಸೈಕಲ್‌ನಷ್ಟೇ ಸುಲಭ.

ಮೆಟ್ರೊಗೆ ಕವರ್ ಬೇಕು ಅಂದರಲ್ಲ, ರೆಕ್ಸಿನ್‌ದು ಹೊಲಿಸಬೇಡಿ, ಅದೇ ಒಂದು ಭಾರ. ಕೊಡೆ ಬಟ್ಟೆ ತರಹದ್ದು ತಗೊಂಡು ನಮ್ಮ ಬೀದಿಯ ಟೈಲರ್ ಹತ್ತಿರ ದಿಂಬಿನ ಗವಸಿನ ಹಾಗೆ ಹೊಲಿಸಿದ್ದೇನೆ, ಬಾಯಿಗೆ ಲಾಡಿ. ಮೇಲಿಂದ ಎಳೆದು ಕಟ್ಟಿದರೆ ಆಯಿತು. ಹಿಡಿಯಲು ಒಂದು ಸೀಳು ಬಿಡಿಸಿ.

ನಿಮ್ಮ ಆಫೀಸಿನಲ್ಲಿ ಸೈಕಲ್ ಒಳಗೆ ಬಿಡುತ್ತಾರಾ ಕೇಳಿದಿರಾ? ನನ್ನ ಹಿಂದಿನ ಆಫೀಸಿನಲ್ಲಿ ಮಡಚಿ ಕವರ್ ಹಾಕಿದರೂ ಸೆಕ್ಯುರಿಟಿಯವರು ಲಿಫ್ಟ್ ಹತ್ತಲು ಬಿಡುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಬೈಕ್‌ಗಳ ನಡುವೆ ಇಟ್ಟು ಬೀಗ ಹಾಕಬೇಕಾಗಿತ್ತು.

---

ವಿಜಯಾ_ಗಿರಿನಗರ

ಜ್ಯೋತಿ, ಲಾಡಿ ಕಟ್ಟುವ ಕವರ್ ನನಗೂ ಬೇಕು! ಆಫೀಸಿನಲ್ಲಿ ಕೇಳಿದೆ, ಮೇಜಿನ ಕೆಳಗೆ ಹಿಡಿಸಿದರೆ ಅಭ್ಯಂತರವಿಲ್ಲ ಅಂದರು.

ಮೂರ್ತಿ ಸರ್, ಎರಡು ಪ್ರಶ್ನೆ ಉಳಿದಿವೆ. ಗೇರ್ ಎಷ್ಟು ಬೇಕು? ಗೇರ್ ಇಲ್ಲದ್ದು ಹಗುರ ಅಂತಾರೆ. ಇನ್ನೊಂದು, ಸ್ಟೇಷನ್‌ನಲ್ಲಿ ಬಿಡಲೇ ಇಲ್ಲ ಅಂದರೆ? ಯಜಮಾನರು ಈಗ ಸೆಕೆಂಡ್ ಹ್ಯಾಂಡ್ ಜಾಹೀರಾತು ಬೇರೆ ನೋಡುತ್ತಿದ್ದಾರೆ.

---

ಟೂಲ್‌ರೂಮ್_ಮೂರ್ತಿ

ಗೇರ್ ಇಲ್ಲದ್ದು ಹಗುರ ನಿಜ. ಆದರೆ ಗಿರಿನಗರ ಅನ್ನೋ ಹೆಸರಿನಲ್ಲೇ ಗಿರಿ ಇದೆಯಲ್ಲ. ಸಂಜೆ ದಣಿದು ವಾಪಸ್ ಬರುವಾಗ ಏರು ಸಿಗುತ್ತದೆ. 7 ಅಥವಾ 8 ಗೇರ್ ಇರುವುದೇ ಇರಲಿ. ಎಷ್ಟು ಗೇರ್ ಅನ್ನುವುದಕ್ಕಿಂತ ಅತಿ ಹಗುರದ ಗೇರ್ ಎಷ್ಟು ಹಗುರ ಅನ್ನೋದು ಮುಖ್ಯ. ಲೆಕ್ಕ ಸುಲಭ. ಮುಂದಿನ ಹಲ್ಲುಚಕ್ರದ ಹಲ್ಲು ಎಣಿಸಿ, ಹಿಂದಿನ ದೊಡ್ಡ ಹಲ್ಲುಚಕ್ರದ ಹಲ್ಲಿನಿಂದ ಭಾಗಿಸಿ, ಗಾಲಿಯ ಇಂಚಿನಿಂದ ಗುಣಿಸಿ. ಮುಂದೆ 52, ಹಿಂದೆ 28, ಗಾಲಿ 20 ಆದರೆ 37 ಬರುತ್ತದೆ. 40ಕ್ಕಿಂತ ಕೆಳಗಿದ್ದರೆ ನಮ್ಮೂರಿನ ಏರುಗಳಿಗೆ ಸಾಕು. ಗೇರ್ ಇಲ್ಲದವು ಬಹಳಷ್ಟು 55ರಿಂದ 65ರ ನಡುವೆ ಇರುತ್ತವೆ, ಆ ಏರಿನಲ್ಲಿ ಇಳಿದು ತಳ್ಳುತ್ತೀರಿ.

ಸ್ಟೇಷನ್‌ನಲ್ಲಿ ಬಿಡದಿದ್ದರೆ ಮಡಚುವ ಸೈಕಲ್ ತಗೊಳ್ಳಬೇಡಿ. ಇದನ್ನು ನೇರವಾಗಿ ಹೇಳುತ್ತೇನೆ. ನಿಮಗೆ ಎರಡೂ ತುದಿಯಲ್ಲಿ ಸೈಕಲ್ ಬೇಕು ಅನ್ನುವ ಒಂದೇ ಕಾರಣಕ್ಕೆ ಈ ದುಡ್ಡು, ಈ ಚಿಕ್ಕ ಚಕ್ರ, ಈ ಕೀಲುಗಳ ರಗಳೆ. ಆ ಕಾರಣವೇ ಇಲ್ಲವಾದರೆ ಒಂದು ಮಾಮೂಲಿ ಸೈಕಲ್ ತಗೊಂಡು ಸ್ಟೇಷನ್ ಪಾರ್ಕಿಂಗ್‌ನಲ್ಲಿ ಬೀಗ ಹಾಕಿ ಬಿಡಿ. ಆ ತುದಿಯ 2 ಕಿ.ಮೀಗೆ ಒಂದು ಹಳೇ ಸೈಕಲ್ ಇಟ್ಟರೂ 40 ಸಾವಿರದಲ್ಲಿ ಎರಡೂ ಬಂದು ದುಡ್ಡು ಮಿಗುತ್ತದೆ. ಯಜಮಾನರಿಗೆ ಮಾತ್ರ ಆಗ ಬೇರೆ ಫ್ರೇಮ್ ಬೇಕಾಗುತ್ತದೆ, ಅದು ನಿಮ್ಮ ಮನೆಯ ಒಪ್ಪಂದದ ವಿಷಯ, ನಾನು ತಲೆ ಹಾಕಲ್ಲ.

ಬಿಡುತ್ತಾರೆ ಅಂತಾದರೆ 20 ಇಂಚು, 406 ಗಾಲಿ, 13 ಕೆಜಿ ಮೀರದ್ದು, ಸರಿಯುವ ಹ್ಯಾಂಡಲ್ ಪೋಸ್ಟ್, 7 ಗೇರ್. ಮಡಚಿದ ಮೇಲೆ ಎರಡೂ ಚಕ್ರ ಅಂಟಿಕೊಂಡು ನಿಲ್ಲಲು ಅಯಸ್ಕಾಂತವೋ ಕೊಕ್ಕೆಯೋ ಇರಲೇಬೇಕು, ಇಲ್ಲದಿದ್ದರೆ ಎತ್ತಿದಾಗ ಬಿಚ್ಚಿಕೊಂಡು ಮೊಣಕಾಲಿಗೆ ಬಡಿಯುತ್ತದೆ. ಅಳತೆಯಿಂದಾಗಿ 16 ಇಂಚಿನದನ್ನು ಮಾತ್ರ ಬಿಡುತ್ತಾರೆ ಅಂದರೆ ಅದೂ ಆದೀತು. ಆಗ ಯಜಮಾನರ 76 ಸೆಂ.ಮೀ ಸಿಗುತ್ತಾ ಅಂತ ಟೇಪ್ ಹಿಡಿದೇ ನೋಡಿ, ಅಗ್ಗದ 16 ಇಂಚಿನವುಗಳಲ್ಲಿ ಪೋಸ್ಟ್ ಗಿಡ್ಡ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಬೇಡ ಅನ್ನಲ್ಲ. ಭಾನುವಾರದ ಉತ್ಸಾಹಕ್ಕೆ ತಗೊಂಡು ಬಾಲ್ಕನಿಯಲ್ಲಿಟ್ಟ ಸೈಕಲ್‌ಗಳು ಈ ಊರಲ್ಲಿ ಬೇಕಾದಷ್ಟಿವೆ. ನೋಡಲು ಹೋಗುವಾಗ ಒಂದು ಬಿಳಿ ಬಟ್ಟೆ, ಮೊಬೈಲ್ ಟಾರ್ಚ್ ಇರಲಿ. ಮಧ್ಯದ ಕೀಲಿನ ಸುತ್ತ, ಹ್ಯಾಂಡಲ್ ಪೋಸ್ಟಿನ ಬುಡದಲ್ಲಿ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೆಸುಗೆಯ ಗೆರೆ ಉದ್ದಕ್ಕೂ ಟಾರ್ಚ್ ಓರೆ ಹಿಡಿದು ನೋಡಿ. ಕೂದಲೆಳೆಯಷ್ಟು ಕಪ್ಪು ಗೆರೆ ಒರೆಸಿದರೂ ಹೋಗದಿದ್ದರೆ ಅದು ಬಿರುಕು, ಬೆಲೆ ಎಷ್ಟೇ ಇಳಿಸಲಿ, ಎದ್ದು ಬನ್ನಿ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಒಂದು ಬೆರಳು ಕೀಲಿನ ಸಂದಿಯ ಮೇಲಿರಲಿ. ಟಕ್ ಅಂತ ಬೆರಳಿಗೆ ತಿಳಿದರೆ ಕೀಲು ಸಡಿಲವಾಗಿದೆ. ಬಿಗಿ ಮಾಡುವ ತಿರುಪು ಇದ್ದು, ಬಿಗಿ ಮಾಡಿದಾಗ ನಿಂತರೆ ಪರವಾಗಿಲ್ಲ. ಯಜಮಾನರನ್ನೇ ಕೂರಿಸಿ ಒಂದು ಸುತ್ತು ಹೊಡೆಸಿ, ನೀವು ಹತ್ತಿರ ನಿಂತು ಕಿರುಗುಟ್ಟುವ ಸದ್ದು ಕೇಳಿಸಿಕೊಳ್ಳಿ. ಸದ್ದು ಸೀಟ್ ಪೋಸ್ಟಿನಿಂದಾದರೆ ಒರೆಸಿದರೆ ಹೋಗುತ್ತದೆ. ಮಧ್ಯದ ಕೀಲಿನಿಂದಾದರೆ ಫೋಟೊ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.